ಯಾರದೋ ಹೊಗೆ, ನಮ್ಮ ಹತ್ತಿಕಟ್ಟಿಗೆ

ನಮ್ಮ ಮುಶಿಗೇರಿಯಲ್ಲಿ ಹತ್ತಿ ಬಿಡಿಸಿ ಮುಗಿದ ಮೇಲೆ ಹೊಲದಲ್ಲಿ ನಿಂತ ಕಟ್ಟಿಗೆ ಹೊಲದವರದಲ್ಲ, ಬಿಡಿಸಿದವರದು. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ನಾನು ಸೊಸೆಯಾಗಿ ಬಂದ ವರ್ಷವೇ ಅತ್ತೆ ಹೇಳಿದ್ದರು: "ಹತ್ತಿ ನಮ್ದು, ಕಟ್ಟಿಗಿ ಅವರದು. ಬೇಲಿಗೆ ನಾಕು ಕಟ್ಟಿಗಿ ಬೇಕಂದ್ರೂ ಅವರನ್ನ ಕೇಳೇ ತಗೋಬೇಕು." ಹಾಗೆಯೇ ಕೇಳಿ ತೆಗೆದುಕೊಳ್ಳುತ್ತಿದ್ದೆವು. ಹತ್ತಿ ಬಿಡಿಸಿದ ಹೆಣ್ಣುಮಕ್ಕಳು ಕಟ್ಟಿಗೆ ಕಿತ್ತು, ಹೊಲ ಸ್ವಚ್ಛ ಮಾಡಿಕೊಟ್ಟು, ಹೊರೆ ಕಟ್ಟಿಕೊಂಡು ಹೋಗುತ್ತಿದ್ದರು. ಅವರ ಓಣಿಯ ಒಲೆಗಳು ವರ್ಷವಿಡೀ ಉರಿಯುತ್ತಿದ್ದುದು ಅದರಿಂದಲೇ.

ಅವರಲ್ಲಿ ಒಬ್ಬಾಕೆಯನ್ನು ಊರೆಲ್ಲ ರೊಟ್ಟಿಯಾಕೆ ಎನ್ನುತ್ತದೆ. ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ಆಕೆ ಬಡಿದ ಬಿಳಿಜೋಳದ ಖಡಕ್ ರೊಟ್ಟಿ ರೋಣದ, ಗಜೇಂದ್ರಗಡದ ಖಾನಾವಳಿಗಳಿಗೆ ಹೋಗುತ್ತದೆ. ಅವಳ ಮನೆ ನಡೆಯುವುದು ಆ ರೊಟ್ಟಿಯಿಂದ. ಹತ್ತಿಕಟ್ಟಿಗೆಯ ಉರಿ ಲಗುಬಗೆಯಿಂದ ಏಳುತ್ತದೆ, ಹಂಚಿನ ತುಂಬ ಹರಡುತ್ತದೆ, ಆಮೇಲೆ ಒಲೆಯ ಬಾಯಿಗೆ ಕೆಂಡ ಬೀಳುತ್ತದೆ. ಆ ಕೆಂಡದ ಮುಂದೆ ರೊಟ್ಟಿ ನಿಲ್ಲಿಸಿದರೇನೇ ಅದು ಗರಿಗರಿಯಾಗಿ ತಿಂಗಳುಗಟ್ಟಲೆ ಇರುವುದು.

ನಮ್ಮ ಭಾವ, ಅಂದರೆ ಗಂಡನ ಅಣ್ಣ, ಹೋದ ವರ್ಷ ನರಗುಂದದಲ್ಲಿ ಹತ್ತಿ ಮಾರುವ ಅಡತಿ ಅಂಗಡಿಯಲ್ಲಿ ಕೂತಾಗ ಒಂದು ಹೊಸ ಸುದ್ದಿ ಕೇಳಿ ಬಂದರು. ಯಾವುದೋ ಕಂಪನಿ ಹತ್ತಿಕಟ್ಟಿಗೆ ಕೊಳ್ಳುತ್ತದಂತೆ, ಅದರಿಂದ ಗಾಳಿಯನ್ನು ಶುದ್ಧ ಮಾಡುತ್ತದಂತೆ. ವಾರದೊಳಗೆ ಕಂಪನಿಯ ಹುಡುಗನೊಬ್ಬ ಕಾರಿನಲ್ಲಿ ಬಂದಿಳಿದ. ಹೊಲದ ಬದುವಿನ ಬೇವಿನ ಮರದ ಕೆಳಗೆ ಎಲ್ಲರನ್ನೂ ಕೂಡಿಸಿಕೊಂಡು ತಿಳಿಸಿ ಹೇಳಿದ. ಗಿಡ ಬೆಳೆಯುವಾಗ ಗಾಳಿಯಲ್ಲಿನ ಇಂಗಾಲ ಹೀರಿಕೊಳ್ಳುತ್ತದೆ. ಆ ಗಿಡ ಸುಟ್ಟರೆ ಅಷ್ಟೂ ಹೊಗೆಯಾಗಿ ಗಾಳಿಗೇ ಮರಳುತ್ತದೆ. ಗಾಳಿಯಾಡದ ಡ್ರಮ್ಮಿನಲ್ಲಿ ಬೇಯಿಸಿ ಇದ್ದಿಲು ಮಾಡಿ ಹೊಲದಲ್ಲಿ ಹೂತರೆ ಇಂಗಾಲದ ದೊಡ್ಡ ಪಾಲು ಮಣ್ಣಿನಲ್ಲೇ ಸೆರೆಯಾಗಿ ಉಳಿಯುತ್ತದೆ, ಮಣ್ಣಿಗೂ ಒಳ್ಳೆಯದು.

ಅವನು ಹೇಳಿದ್ದು ಸುಳ್ಳಲ್ಲ. ಕಡಲೆ ಹೂ ಬಿಡುವ ಹೊತ್ತಿಗೆ ಬಿಸಿಲು ಏರುವುದನ್ನು, ಬರಬೇಕಾದಾಗ ಬಾರದ ಮಳೆ ರಾಶಿಯ ಮೇಲೆ ಬಂದು ಸುರಿಯುವುದನ್ನು ನಾವೇ ಉಣ್ಣುತ್ತಿದ್ದೇವೆ. ಗಾಳಿ ಸುಧಾರಿಸುವ ಉಪಾಯ ಯಾರು ತಂದರೂ ಬೇಡ ಎನ್ನುವ ಮೂರ್ಖಳು ನಾನಲ್ಲ. ಆದರೆ ಅವನು ಮಾತುಮಾತಿಗೆ "ಸುಮ್ಮನೆ ಹಾಳಾಗುವ ಕೃಷಿ ತ್ಯಾಜ್ಯ" ಎನ್ನುತ್ತಿದ್ದ. ಯಾರ ತ್ಯಾಜ್ಯ ಮಾರಾಯಾ? ಮಾತು ನನ್ನ ಗಂಟಲಿಗೆ ಬಂದಿತ್ತು. ಅದರ ಬದಲು, ನಿಮಗಿದರಿಂದ ಏನು ಲಾಭ ಎಂದು ಕೇಳಿದೆ. ಎಲ್ಲೋ ದೂರದ ಕಾರ್ಖಾನೆಗಳು ತಾವು ಬಿಡುವ ಹೊಗೆಗೆ ಬದಲಾಗಿ ನಮ್ಮ ಹೊಲದ ಇದ್ದಿಲನ್ನು ಕಂಪನಿಗೆ ದುಡ್ಡು ಕೊಟ್ಟು ತಮ್ಮ ಹೆಸರಿಗೆ ಬರೆಸಿಕೊಳ್ಳುತ್ತವಂತೆ. "ಹಂಗಾರ ಆ ಕಾರ್ಖಾನಿ ಹೊಗಿ ನಿಲ್ತೈತೇನು?" ಎಂದೆ. ಹುಡುಗ ನಕ್ಕು, ಅದು ಹಂತಹಂತವಾಗಿ ಆಗುವ ಕೆಲಸ ಮೇಡಂ ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ.

ಭಾವ ಐದು ವರ್ಷಕ್ಕೆ ಒಪ್ಪಿ ಸಹಿ ಹಾಕಿದರು. ಕಂಪನಿಯವರು ಉತಾರದಲ್ಲಿ, ಅಂದರೆ ಹೊಲದ ಪಹಣಿಯಲ್ಲಿ, ಹೆಸರಿದ್ದವರನ್ನೆಲ್ಲ ಕೇಳಿದರು. ಕಟ್ಟಿಗೆ ಯಾರದೋ ಅವರ ಹೆಸರು ಉತಾರದಲ್ಲಿ ಇರುವುದಿಲ್ಲವಲ್ಲ, ಹಾಗಾಗಿ ಅವರನ್ನು ಯಾರೂ ಕೇಳಲಿಲ್ಲ.

ಸುದ್ದಿ ಕಿವಿಗೆ ಬಿದ್ದ ಮರುದಿನ ರೊಟ್ಟಿಯಾಕೆ ನಮ್ಮ ಅಂಗಳಕ್ಕೆ ಬಂದಳು. ಜಗಳಕ್ಕೆ ಬಂದಿರಲಿಲ್ಲ.

"ಸಾವಕಾರ್ರ, ಕಟ್ಟಿಗಿ ಕಂಪನಿಗೆ ಕೊಟ್ರಂತಲ್ಲ, ಖರೇ ಏನ್ರಿ?"

ಭಾವ ತಲೆ ಎತ್ತಲಿಲ್ಲ. "ಈಗ ಎಲ್ಲಾರ ಮನ್ಯಾಗೂ ಗ್ಯಾಸ್ ಐತಲ್ಲವಾ. ಹೊಗ್ಯಾಗ ಕುಂತು ಕಣ್ಣ ಯಾಕ ಕಳಕೊಂತಿ?"

"ಗ್ಯಾಸಿನ ಮುಂದ ಕೆಂಡ ಎಲ್ಲೈತ್ರಿ? ರೊಟ್ಟಿ ಎಲ್ಲಿ ನಿಲ್ಲಸಲಿ?"

ಭಾವ ಎದ್ದು ಒಳಗೆ ಹೋದರು. ಆದರೆ ಅವರು ಕೆಟ್ಟವರಲ್ಲ, ಅದೇ ದೊಡ್ಡ ಪೇಚು. ನಮ್ಮ ಹೊಲದಲ್ಲಿ ದುಡಿದಾಕೆ ಬರಿಗೈಯಲ್ಲಿ ಹೋದರೆ ಮನೆತನಕ್ಕೆ ಒಳ್ಳೆಯದಲ್ಲ ಎಂದು ನಂಬಿದ ಮನುಷ್ಯ. ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ನಾನು ಬುತ್ತಿ ಒಯ್ದಾಗ ಹೊಲದಲ್ಲಿ ಗರಗಸದ ಸದ್ದು ಕೇಳಿಸಿತು. ಬದುವಿನ ಬೇವು ನೆಲಕ್ಕೆ ಮಲಗಿತ್ತು. ಭಾವ ಬೆವರು ಒರೆಸಿಕೊಳ್ಳುತ್ತ, ಸಮಾಧಾನದ ಮುಖ ಮಾಡಿಕೊಂಡು ಹೇಳಿದರು: "ಒಂದು ಟ್ರ್ಯಾಕ್ಟರ್ ಕಟ್ಟಿಗಿ ಆಗ್ತೈತಿ. ಅವರ ಓಣಿಗೆ ಕಳಸಾಕ ಹೇಳೀನಿ."

ಗಾಳಿ ಶುದ್ಧ ಮಾಡಲು ಹೊರಟವರು ಹಚ್ಚಗೆ ನಿಂತ ಮರ ಕಡಿದರು! ಒಣಗಿದ ಕಟ್ಟಿಗೆಯನ್ನು ಮಣ್ಣಿಗೆ ಹಾಕಿ, ಜೀವಂತ ಮರವನ್ನು ಒಲೆಗೆ ಹಾಕುವ ಬುದ್ಧಿಗೆ ಏನನ್ನಬೇಕು? ನಾನು ಬುತ್ತಿಗಂಟನ್ನು ಬಿಚ್ಚದೆ ಹಾಗೆಯೇ ಇಟ್ಟು ಮನೆಗೆ ಬಂದೆ. ಆ ದಿನ ನಾನು ಮಾತಾಡಿದ್ದರೆ ಹಿರಿಯರಿಗೆ ಆಡಬಾರದ ಮಾತು ಬರುತ್ತಿತ್ತು.

ಹಸಿ ಬೇವು ಉರಿಯಲಿಲ್ಲ, ಹೊಗೆಯಾಡಿತು. ರೊಟ್ಟಿಯಾಕೆಯ ಕಣ್ಣು ಕೆಂಪಗೆ ಊದಿಕೊಂಡವು. ರೋಣದ ಖಾನಾವಳಿಯವನು ಒಂದು ಗಂಟು ರೊಟ್ಟಿ ವಾಪಸು ಕಳಿಸಿದ, ಹೊಗೆ ವಾಸನೆ ಎಂದು. ಗಜೇಂದ್ರಗಡದವನು ಒಂದೆರಡು ಸಲ ನೋಡಿ ಬೇರೆಯವರನ್ನು ಹುಡುಕಿಕೊಂಡ.

ಬೇಸಿಗೆಯಲ್ಲಿ ಕಂಪನಿಯ ಹುಡುಗ ಇದ್ದಿಲು ಹೂಳುವುದರ ಫೋಟೊ ತೆಗೆಯಲು ಬಂದ. ಕಾರು ನಿಲ್ಲಿಸಲು ನೆರಳು ಹುಡುಕಿದ. ಇಲ್ಲೊಂದು ಮರ ಇತ್ತಲ್ಲ ಎಂದು ಕೇಳಿದ. ಏನಾಯಿತೆಂದು ನಾನೇ ಹೇಳಿದೆ. ಅವನು ಕ್ಷಣ ಪೆಚ್ಚಾದ, ನಿಜ. ಆಮೇಲೆ ಮೆಲ್ಲಗೆ, "ಬದುವಿನ ಮರ ನಮ್ಮ ಯೋಜನೆಯೊಳಗೆ ಬರುವುದಿಲ್ಲ ಮೇಡಂ" ಎಂದ.

"ಗಾಳಿ ನಿಮ್ಮ ಯೋಜನಾ ನೋಡಿಕೊಂಡು ಬೀಸ್ತೈತೇನ್ರಿ?" ಎಂದೆ. ಅವನು ಫೋನು ಎತ್ತಿ ಇದ್ದಿಲಿನ ಗುಂಡಿಯ ಫೋಟೊ ತೆಗೆಯತೊಡಗಿದ.

ಈ ವರ್ಷ ಹತ್ತಿ ಚಲೋ ಬಂತು. ಕಾಯಿ ಒಡೆದು ಹೊಲ ಬೆಳ್ಳಗಾದಾಗ ಭಾವ ಎಂದಿನಂತೆ ಓಣಿಗೆ ಹೇಳಿ ಕಳಿಸಿದರು. ಯಾರೂ ಬರಲಿಲ್ಲ. ರೊಟ್ಟಿಯಾಕೆ ಎಲ್ಲರ ಪರವಾಗಿ ಒಂದೇ ಮಾತು ಹೇಳಿ ಕಳಿಸಿದ್ದಳು: ಕಟ್ಟಿಗೆ ನಮಗೆ ಬಿಟ್ಟರೆ ಹತ್ತಿ ಬಿಡಿಸುತ್ತೇವೆ. ಭಾವ ಅಸೂಟಿ ಊರಿನ ಆಳುಗಳನ್ನು ಕೇಳಿದರು. ಅವರಿಗೂ ಸುದ್ದಿ ಮುಟ್ಟಿತ್ತು, ಅವರೂ ಒಲ್ಲೆ ಎಂದರು.

ಭಾವ ಮನೆಗೆ ಬಂದವರೇ ನನ್ನ ಮೇಲೆ ಹರಿಹಾಯ್ದರು. "ನೀನ ಹೇಳಿಕೊಟ್ಟೀ ಅವರಿಗೆ."

"ಹೌದ್ರಿ, ನಾನ ಹೇಳಿಕೊಟ್ಟೀನಿ" ಎಂದೆ. ಹೇಳಿಕೊಟ್ಟಿರಲಿಲ್ಲ. ಆಕೆಗೆ ಯಾರೂ ಹೇಳಿಕೊಡುವ ಅಗತ್ಯವೂ ಇರಲಿಲ್ಲ. ಆದರೆ ಆ ಸಿಟ್ಟು ಆಕೆಯ ಮೇಲೆ ಹೋಗುವುದಕ್ಕಿಂತ ನನ್ನ ಮೇಲೇ ಇರಲಿ ಅನ್ನಿಸಿತು.

ಕೊನೆಗೆ ಭಾವ ತಾವೇ ಆಕೆಯ ಮನೆಗೆ ಹೋದರು. ನಾನೂ ಹಿಂದೆ ಹೋದೆ. ಆಕೆ ಕಂಬಳಿ ಹಾಸಿದಳು, ನೀರು ಕೊಟ್ಟಳು. ಒಲೆ ತಣ್ಣಗಿತ್ತು.

"ಒಂದ ಮಾತು ಕೊಡ್ರಿ ಸಾವಕಾರ್ರ. ನಾಳೆ ಮುಂಜಾನೆ ಎಲ್ಲಾರನ್ನೂ ಕರಕೊಂಡು ಬರ್ತೀನಿ."

ಕೊಡಲು ಮಾತು ಭಾವನ ಬಳಿ ಉಳಿದಿರಲಿಲ್ಲ. ಇನ್ನೂ ನಾಲ್ಕು ವರ್ಷದ ಮಾತನ್ನು ಕಂಪನಿಗೆ ಕೊಟ್ಟು ಕೂತಿದ್ದರು. ನೀರಿನ ಚೆಂಬು ಕೆಳಗಿಟ್ಟು ಎದ್ದು ಬಂದರು.

ನಾನು ಇದನ್ನು ಬರೆಯುವ ಹೊತ್ತಿಗೂ ಹತ್ತಿ ಗಿಡದಲ್ಲೇ ಇದೆ, ಗಾಳಿಗೆ ಉದುರಿ ಎರೆಮಣ್ಣಿನಲ್ಲಿ ಹೊರಳುತ್ತಿದೆ. ಮೂವತ್ತು ವರ್ಷ ಒಂದೇ ಹೊಲದಲ್ಲಿ ದುಡಿದ ಭಾವ, ರೊಟ್ಟಿಯಾಕೆ ಇಬ್ಬರೂ ದಾರಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಾರೆ. ಎಲ್ಲೋ ಒಂದು ಕಾರ್ಖಾನೆ ನಮ್ಮ ಇದ್ದಿಲನ್ನು ತನ್ನ ಹೆಸರಿಗೆ ಬರೆಸಿಕೊಂಡು ಇವತ್ತೂ ಹೊಗೆ ಬಿಡುತ್ತಿದೆ. ಅದು ಎಲ್ಲಿದೆ ಎಂದು ಹುಡುಗನನ್ನು ಕೇಳಿದೆ. ಅದನ್ನು ನಮಗೂ ಹೇಳುವುದಿಲ್ಲ ಮೇಡಂ ಎಂದ.