ದೂರು ಕೊಡದ ಬೀದಿ

ಬೀದಿದೀಪ ನೋಡಿಕೊಳ್ಳುತ್ತಿದ್ದವನನ್ನು ಊರೆಲ್ಲ ಏಣಿಯಣ್ಣ ಅನ್ನುತ್ತಿತ್ತು. ಹೆಗಲ ಮೇಲೆ ಏಣಿಯಿಲ್ಲದೆ ಅವನನ್ನು ಕಂಡವರೇ ಕಡಿಮೆ. ಹೆಣ್ಣು ನೋಡಲು ಬಂದಾಗಲೂ ಏಣಿ ತಂದಿದ್ದ ಅಂತ ಹೆಂಡತಿ ಆಡಿಕೊಳ್ಳುತ್ತಿದ್ದಳು.

ಹೊಸ ಬಲ್ಬು ಬರುವುದು ನಿಂತು ಬಹಳ ಕಾಲವಾಗಿತ್ತು. ಅಂಗಡಿಯಲ್ಲೂ ಇಲ್ಲ, ಮನೆಗಳೊಳಗೂ ಕತ್ತಲೆಯೇ. ಒಂದು ಕಂಬದ್ದು ಕೆಟ್ಟರೆ ಇನ್ನೊಂದರಿಂದ ಬಿಚ್ಚಿ ತಂದು ಹಾಕಬೇಕು. ಎಲ್ಲಿಂದ ಬಿಚ್ಚಬೇಕು ಅನ್ನುವುದನ್ನು ಮಾತ್ರ ಕಚೇರಿಯವರು ಹೇಳುತ್ತಿರಲಿಲ್ಲ. ಅಳುವ ಮಗುವಿಗೇ ಹಾಲು ತಾನೆ? ಕೂಗಾಡುವ ಬೀದಿಗೆ ಹಾಕಿ, ಸುಮ್ಮನಿರುವ ಬೀದಿಯಿಂದ ತೆಗೆಯುತ್ತಿದ್ದ. ಹಿತ್ತಲ ಬೀದಿಯವರು ಒಮ್ಮೆ ಬಿಟ್ಟರೆ ಎಂದೂ ದೂರು ಕೊಟ್ಟವರಲ್ಲ. ಅಲ್ಲಿ ಒಂದೊಂದಾಗಿ ಎಲ್ಲ ಹೋಗಿ, ಕೊನೆಯ ಕಂಬದ್ದೊಂದು ಉಳಿದಿತ್ತು.

ಆಸ್ಪತ್ರೆ ಬಾಗಿಲ ದೀಪ ಹೋದಾಗ ಹೆಂಡತಿಗೆ ದಿನ ತುಂಬಿತ್ತು. ಇವತ್ತೇ ಬಲ್ಬು ಬೇಕೆಂದು ಹೇಳಿಕಳಿಸಿದರು. ಬೇರೆ ಬೀದಿಗೆ ಕೈ ಹಾಕಿದರೆ ಜನ ದೊಣ್ಣೆ ಹಿಡಿದು ಬರುತ್ತಾರೆ. ಉಳಿದದ್ದು ಎರಡೇ, ತನ್ನ ಮನೆ ಮುಂದಿನದು ಇಲ್ಲವೇ ಹಿತ್ತಲ ಬೀದಿಯದು. ಮನೆ ಮುಂದೆ ಸವೆದ ಕಲ್ಲಿನ ಮೆಟ್ಟಿಲು. ತುಂಬು ಬಸುರಿ ಕತ್ತಲಲ್ಲಿ ಕಾಲು ಜಾರಿದರೆ? ಏಣಿ ಹೊತ್ತು ಹಿತ್ತಲ ಬೀದಿಗೆ ನಡೆದ.

ಯಾವಾಗಲೂ ಮಧ್ಯಾಹ್ನ ಬರುತ್ತಿದ್ದವನು ಅಂದು ಹೊತ್ತು ಮುಳುಗುವಾಗ ಬಂದಿದ್ದ. ಬಾಗಿಲುಗಳೆಲ್ಲ ತೆರೆದಿದ್ದವು, ಒಳಗೆ ನರಪಿಳ್ಳೆಯಿಲ್ಲ. ಕೊನೆಯ ಕಂಬದ ಕೆಳಗೆ ಕುರ್ಚಿ, ಡಬ್ಬ, ಪೆಟ್ಟಿಗೆ, ಸಿಕ್ಕಿದ್ದರ ಮೇಲೆ ಇಡೀ ಬೀದಿ ಕೂತಿತ್ತು. ಒಬ್ಬಳು ಅಜ್ಜಿ ಹರಿದ ಅಂಗಿ ಹೊಲಿಯುತ್ತಿದ್ದಳು. ಉಳಿದವರೆಲ್ಲ ದೀಪದ ಕಡೆಗೇ ಮುಖ ಮಾಡಿದ್ದರು. ಮಾತಿಲ್ಲ, ಕತೆಯಿಲ್ಲ.

ಕಂಬಕ್ಕೆ ಏಣಿ ಆನಿಸಿದ. ಆಗಲೂ ಯಾರೂ ತುಟಿ ಬಿಚ್ಚಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೋ ಏನೋ. ಯಾಕೆ ಯಾರೂ ಏನೂ ಅನ್ನುವುದಿಲ್ಲ ಎಂದು ಕೊನೆಗೆ ತಾನೇ ಅಜ್ಜಿಯನ್ನು ಕೇಳಿದ.

“ಒಂದ್ಸಲ ಕೇಳಿದ್ವಲ್ಲಪ್ಪ,” ಅಂದಳು ಅಜ್ಜಿ, ಸೂಜಿಯಿಂದ ಕಣ್ಣೆತ್ತದೆ. “ನೀನು ಪಕ್ಕದ ಬೀದಿಲಿ ಉಳಿದಿದ್ದ ಒಂದನ್ನೂ ಬಿಚ್ಚಿ ತಂದು ಹಾಕಿದೆ. ಮಾರನೇ ಸಂಜೆ ಆ ಬೀದಿಯವರೆಲ್ಲ ಕುರ್ಚಿ ಎತ್ಕೊಂಡು ಇಲ್ಲಿಗೇ ಬಂದ್ರು. ಅಗೋ, ಆ ಕಡೆ ಕೂತಿದ್ದಾರಲ್ಲ, ಅವ್ರೇ. ಇನ್ನೂ ಹೋಗಿಲ್ಲ.”

ಅವನು ನೋಡಿದ. ಬೆಳಕು ಸಾಯುವ ಅಂಚಿನಲ್ಲಿ ಕುರ್ಚಿಯ ಕಾಲುಗಳು ಕಂಡವು, ಸಾಲಾಗಿ ಮಂಡಿಗಳು ಕಂಡವು. ಮುಖ ಕಾಣಲಿಲ್ಲ.

ಏಣಿ ಎತ್ತಿಕೊಂಡು ವಾಪಸಾದ. ಮನೆ ಮುಂದಿನ ಬಲ್ಬನ್ನೇ ಬಿಚ್ಚಿ ಆಸ್ಪತ್ರೆಗೆ ಹಾಕಿದ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳೇ ಹೊರತು ಯಾಕೆ ಅನ್ನಲಿಲ್ಲ. ಮೆಟ್ಟಿಲು ಇಳಿಯಬೇಡ ಎಂದು ಅವನೇ ಮತ್ತೆ ಮತ್ತೆ ಹೇಳಿದ.

ಮಾರನೇ ಸಂಜೆ ಕೆಲಸ ಮುಗಿಸಿ ಬಂದರೆ ಬಾಗಿಲು ಹಾರುಹೊಡೆದಿತ್ತು. ಅವಳಿಲ್ಲ. ನೋವು ಬಂದು ಆಸ್ಪತ್ರೆಗೆ ಹೋದಳೇನೋ ಎಂದು ಓಡಲು ಹೊರಟವನು ಅಡುಗೆಮನೆಯ ಕಡೆ ನೋಡಿ ನಿಂತ. ಅಲ್ಲಿದ್ದ ಸ್ಟೂಲೂ ಇರಲಿಲ್ಲ. ಹೆರಿಗೆಗೆ ಹೋಗುವವರು ಸ್ಟೂಲು ಒಯ್ಯುತ್ತಾರೆಯೇ? ಹೆಗಲ ಮೇಲಿನ ಏಣಿ ಇಳಿಸುವುದನ್ನೂ ಮರೆತು ಹಿತ್ತಲ ಬೀದಿಗೆ ಹೋದ.

ಆ ಮಂಡಿಗಳ ಸಾಲಿನ ತುದಿಗೆ ಅವಳು ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದಳು. ಮುಖ ಕಾಣಲಿಲ್ಲ, ಕೂತ ರೀತಿಯಲ್ಲೇ ಗುರುತು ಸಿಕ್ಕಿತು. ಅವನ ಹೆಜ್ಜೆ ಸದ್ದಿಗೆ, ತಿರುಗದೆಯೇ, ಸ್ಟೂಲು ಸರಿಸಿ ಜಾಗ ಮಾಡಿದಳು.

“ಬನ್ನಿ, ಕೂತ್ಕೊಳ್ಳಿ,” ಅಂದಳು ಮೆಲ್ಲಗೆ. “ಏಣಿ ಮಾತ್ರ ಅಲ್ಲೇ ಬಿಟ್ಟು ಬನ್ನಿ. ಮಗು ಇಷ್ಟೊತ್ತೂ ಒದೀತಿತ್ತು. ಈಗಷ್ಟೇ ಸುಮ್ಮನಾಗಿದೆ.”