‘ಯಾವಾಗ ರಿಟರ್ನ್?’ ಎಂದಷ್ಟೇ ಕೇಳುವ ನಾವು

ಅಮೆರಿಕದ ಬ್ಯಾಂಕಿನವರು ಎಂಥ ದಡ್ಡರು ಎಂದು ಕಳೆದ ವಾರ ಮೆಲ್ಕಾರಿನ ಕಾಲೇಜೊಂದರಲ್ಲಿ ಭಾಷಣ ಬಿಗಿದೆ. (ಶಾಲು, ಹಾರ, ಸಜ್ಜಿಗೆ ಅವಲಕ್ಕಿ, ಎಲ್ಲವೂ ಆಯಿತು.)

ವಿಷಯ ನಿಮಗೂ ಗೊತ್ತು. ಪೇಪರಿನಲ್ಲಿ ದಿನಾ ಬರುತ್ತಿದೆ. ಅಲ್ಲಿ ಸಂಪಾದನೆ ಎಷ್ಟು, ಕೆಲಸ ಗಟ್ಟಿಯೇ ಎಂದು ವಿಚಾರಿಸದೆ ಮನೆ ಸಾಲ ಹಂಚಿದ್ದಾರೆ. ಈಗ ಕಂತು ನಿಂತಿದೆ, ಜನ ಮನೆ ಬಿಡುತ್ತಿದ್ದಾರೆ. “ಕೆಲಸ ಏನು ಅಂತ ಕೇಳ್ಲಿಕ್ಕೆ ಅವರಿಗೆ ಬಾಯಿ ಇರ್ಲಿಲ್ವಾ ಮಕ್ಕಳೇ?” ಎಂದೆ. ಮಕ್ಕಳು ನಕ್ಕರು. ನಾನೂ ನಕ್ಕೆ.

ಹಾರ ಕೈಯಲ್ಲಿ ಹಿಡಿದುಕೊಂಡೇ ವಿಟ್ಲದ ಬಸ್ಸು ಹತ್ತಿದೆ. ಪಕ್ಕದ ಸೀಟಿನಲ್ಲಿ ನಮ್ಮ ನೆರೆಮನೆಯ ಹಂಝ. (ಹೆಸರು ಬದಲಿಸಿದ್ದೇನೆ.) ಗಲ್ಫಿನಲ್ಲಿ ದುಡಿದವನು, ಬ್ಯಾಂಕ್ ಸಾಲ ತೆಗೆದು ಮಾಳಿಗೆ ಮನೆ ಕಟ್ಟಿಸಿದವನು.

“ಯಾವಾಗ ರಿಟರ್ನ್ ಮಾರಾಯ?” ಎಂದೆ.

ಊರಿಗೆ ಬಂದ ಗಲ್ಫಿನವರನ್ನು ನಾವು ಮಾತಾಡಿಸುವುದೇ ಹೀಗೆ. ಯಾವಾಗ ಬಂದದ್ದು? ಎಷ್ಟು ರಜೆ? ಯಾವಾಗ ರಿಟರ್ನ್? ಅಲ್ಲಿ ಏನು ಕೆಲಸ ಎಂದು ಮಾತ್ರ ಕೇಳುವುದಿಲ್ಲ. ಕೇಳುವುದು ಮರ್ಯಾದೆಯಲ್ಲ. ಸೆಂಟಿನ ಬಾಟಲಿ ತಂದುಕೊಟ್ಟವನ ಸಂಬಳ ವಿಚಾರಿಸುತ್ತಾರೆಯೇ?

ಹಂಝ ಕಿಟಕಿಯ ಕಡೆ ತಿರುಗಿದ. “ರಿಟರ್ನ್ ಇಲ್ಲ ಸರ್. ಕಂಪನಿ ಬಂದ್ ಆಯ್ತು. ಅಲ್ಲಿ ಸಹ ಪರ್ಮನೆಂಟ್ ಅಂತ ಏನೂ ಇರ್ಲಿಲ್ಲ. ಕೆಲಸ ಇದ್ದ ದಿವಸಕ್ಕೆ ಸಂಬಳ. ಈಗ ಫರಂಗಿಪೇಟೆಯಲ್ಲಿ ಮೀನಿನ ಲಾರಿ ಖಾಲಿ ಮಾಡ್ಲಿಕ್ಕೆ ಹೋಗ್ತೇನೆ.”

ನನಗೆ ಗೊತ್ತಿರಲಿಲ್ಲವೇ? ಗೊತ್ತಾಗಬೇಕಿತ್ತು. ರಜೆ ಎಂದು ಬಂದವನು ಮಳೆಗಾಲ ಕಳೆದರೂ ಹೋಗಿರಲಿಲ್ಲ. ಮಾಳಿಗೆಯ ಕಿಟಕಿಗಳಿಗೆ ಇನ್ನೂ ಪ್ಲಾಸ್ಟಿಕ್ ಶೀಟು. ಅವನ ಹೆಂಡತಿ ಆಯಿಷಾಳ ಕೈಯಲ್ಲಿ ಬಳೆ ಕಾಣುತ್ತಿಲ್ಲ ಎಂದು ನಮ್ಮವಳು ಹೇಳಿದಾಗ “ಹೌದಾ” ಎಂದು ಪೇಪರ್ ಮಗುಚಿದ್ದೆ. ಆಗ ಓದುತ್ತಿದ್ದದ್ದು ಅಮೆರಿಕದ ಸುದ್ದಿಯನ್ನೇ.

“ಬ್ಯಾಂಕಿನವರು ಬಂದಿದ್ರು. ಇನ್ನೂ ಕಟ್ಟದಿದ್ರೆ ಮನೆ ಹರಾಜು ಅಂತೆ. ಹೆತ್ತ ಉಮ್ಮನಿಗೇ ಹೇಳ್ಲಿಲ್ಲ” ಎಂದ. ಆಮೇಲೆ ಸ್ವರ ತಗ್ಗಿಸಿ, “ಆವತ್ತು ನೀವು ಒಂದು ಮಾತು ಹೇಳಿದ್ದಕ್ಕೆ ಸಾಲ ಸಿಕ್ಕಿತು. ಆ ಉಪಕಾರ ಮರೀಲಿಕ್ಕಿಲ್ಲ ಸರ್” ಎಂದ.

ಉಪಕಾರ! ಪರಿಚಯದ ಮ್ಯಾನೇಜರರು ಆವತ್ತು “ಜನ ಹೇಗೆ?” ಎಂದು ನನ್ನನ್ನು ಕೇಳಿದ್ದರು. “ಗಲ್ಫಿನವ. ಕಣ್ಣು ಮುಚ್ಚಿ ಕೊಡಿ” ಎಂದಿದ್ದೆ. ಅವನಿಗೆ ಅಲ್ಲಿ ಏನು ಕೆಲಸ ಎಂದು ನನಗೇ ಗೊತ್ತಿರಲಿಲ್ಲ. ಈಗ ಹಾರವನ್ನು ಚೀಲದೊಳಗೆ ತುರುಕಿದೆ.

“ಮ್ಯಾನೇಜರ್ ಹತ್ರ ಇನ್ನೊಮ್ಮೆ ಮಾತಾಡ್ತೀರಾ ಸರ್? ಸ್ವಲ್ಪ ಟೈಮ್ ಕೊಟ್ರೆ ಸಾಕು. ಮಾಳಿಗೆ ಬಾಡಿಗೆಗೆ ಕೊಟ್ಟಾದ್ರೂ ಕಟ್ತೇನೆ.”

“ನೋಡುವ” ಎಂದೆ. (ಈ ‘ನೋಡುವ’ ನಮ್ಮ ಕಡೆ ಎಷ್ಟು ಉಪಯೋಗಕ್ಕೆ ಬರುತ್ತದೆ!) ಪೇಟೆಯಲ್ಲಿ ಕೆಲಸ ಉಂಟು ಎಂದು ಸುಳ್ಳು ಹೇಳಿ ನಮ್ಮ ಸ್ಟಾಪಿಗಿಂತ ಮೊದಲೇ ಇಳಿದುಬಿಟ್ಟೆ.

ಫೋನ್ ಮಾಡಿದರೆ ಮ್ಯಾನೇಜರರು “ನೀವೇ ಹೇಳಿದ್ದಲ್ವಾ?” ಎಂದಾರು. ಅಷ್ಟಕ್ಕೇ ಹೆದರಿ ವಾರ ದೂಡಿದೆ. ನಿನ್ನೆ ಹಂಝನ ಮನೆಯನ್ನು ಹರಾಜಿಗೆಂದು ಅಳೆಯಲು ಬ್ಯಾಂಕಿನ ಕಡೆಯ ಜನ ಬಂದಿದ್ದರು. ಬಿಸಿಲಿನಲ್ಲಿ ಬಂದವರೆಂದು ಆಯಿಷಾ ಅವರಿಗೆ ಶರಬತ್ತು ಮಾಡಿ ಕೊಟ್ಟಳಂತೆ.

ಇಷ್ಟುದ್ದದ ಅಂಕಣ ಬರೆಯಲು ಸಮಯ ಸಿಕ್ಕ ನನಗೆ, ಆ ಒಂದು ಫೋನ್ ಮಾಡಲು ಯಾಕೆ ಸಿಗಲಿಲ್ಲ?