ಕಾರ್ಡ್ ಬಿಟ್ಟುಕೊಡದ ಕಂಪ್ಯೂಟರ್

ಕಡ್ ಕಡ್ ಕಡ್ ಕಡ್. ಕಾದ ಬಾಣಲೆಗೆ ಜೋಳ ಸುರಿದು ಮುಚ್ಚಳ ಹಾಕಿದರೆ ಹೇಗೆ ಸದ್ದಾಗುತ್ತದೋ, ನನ್ನ ಬ್ರೈಲ್ ಪ್ರಿಂಟರಿನದೂ ಹಾಗೆಯೇ. ಹೊಳೆನರಸೀಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅದು ವರ್ಷಗಟ್ಟಲೆ ಹೀಗೆ ಗಲಾಟೆ ಮಾಡಿದೆ. ಪಕ್ಕದ ಮನೆಯವರು ಗೊಣಗಿದ್ದಾರೆ. ಕಳೆದ ಮಾರ್ಚ್‌ನ ಒಂದು ಮಂಗಳವಾರ ಅದು ನಿಂತಿತು. ಸೈಲೆನ್ಸ್ ಅಷ್ಟು ಭಯ ಹುಟ್ಟಿಸಬಹುದು ಅಂತ ನನಗೆ ಗೊತ್ತಿರಲಿಲ್ಲ.

ಏಕೆಂದರೆ ಭಾನುವಾರ ಸಾವಿತ್ರಿಯ ಪರೀಕ್ಷೆ.

ಸಾವಿತ್ರಿ ಚನ್ನರಾಯಪಟ್ಟಣದವಳು. ಕಣ್ಣು ಕಾಣುವುದಿಲ್ಲ, ಪ್ರಿಂಟರ್ ಇಂಕಿಲ್ಲದೆ ಹಾಳೆಯ ಮೇಲೆ ಎಬ್ಬಿಸುವ ಉಬ್ಬು ಚುಕ್ಕಿಗಳನ್ನು ಬೆರಳಿನಲ್ಲಿ ಮುಟ್ಟಿ ಓದುತ್ತಾಳೆ. ಟೀಚರ್ ಹುದ್ದೆಗೆ ಇದು ಅವಳ ಲಾಸ್ಟ್ ಚಾನ್ಸ್, ಮುಂದಿನ ಸಲಕ್ಕೆ ವಯಸ್ಸು ಮೀರುತ್ತದೆ. ಸೈಕಾಲಜಿ ಪುಸ್ತಕದ ಮೂರು ಅಧ್ಯಾಯ ನಾನಿನ್ನೂ ಪ್ರಿಂಟ್ ಮಾಡಿ ಕೊಡಬೇಕಿತ್ತು.

“ಓದಿ ರೆಕಾರ್ಡ್ ಮಾಡಿ ಕಳಿಸ್ಲಾ?” ಫೋನಿನಲ್ಲಿ ಕೇಳಿದೆ.

“ಮಿಸ್, ನೀವು ಬಿ.ಎಡ್. ಬರೀ ಕಿವೀಲಿ ಕೇಳಿಸ್ಕೊಂಡೇ ಪಾಸ್ ಮಾಡಿದ್ರಾ?” ಎಂದಳು.

ರೆಕಾರ್ಡಿಂಗ್ ಮಾತನ್ನು ಅಲ್ಲಿಗೇ ಬಿಟ್ಟೆ.

ಆದದ್ದಿಷ್ಟೇ. ಹಳೆಯ ಕಂಪ್ಯೂಟರ್ ಸತ್ತಿತು. ಬ್ರೈಲ್ ಸಾಫ್ಟ್‌ವೇರಿಗೆ ನನ್ನಷ್ಟೇ ಹಟ. ಹಳೆಯ ವಿಂಡೋಸೇ ಬೇಕು, ಹಳೆಯ ನೆಟ್‌ವರ್ಕ್ ಕಾರ್ಡೇ ಬೇಕು. ಆ ಕಾರ್ಡಿನ ನಂಬರ್ ಕಂಡರೆ ಮಾತ್ರ ಅದು ಬಾಗಿಲು ತೆರೆಯುತ್ತದೆ. (ಲೈಸೆನ್ಸ್ ಅಂತೆ.) ಪ್ರಿಂಟರಿನ ಕೇಬಲ್ ಸಿಕ್ಕಿಸುವುದೂ ಆ ಕಾರ್ಡಿಗೇ. ಹಾಗಾಗಿ ಹೊಸ ಕಂಪ್ಯೂಟರಿಗೆ ಆ ಕಾರ್ಡ್ ಸಿಕ್ಕಿಸಿ, ಅದರ ಹೊಟ್ಟೆಯೊಳಗೆ ಹಳೆಯ ವಿಂಡೋಸಿನ ಇನ್ನೊಂದು ಕಂಪ್ಯೂಟರ್ ಓಡಿಸಬೇಕು. ವರ್ಚುವಲ್ ಮಷೀನ್ ಎಂದು ಹೆಸರು. ಬಸುರಿ ಕಂಪ್ಯೂಟರ್ ಅಂದುಕೊಳ್ಳಿ. ಹೊರಗಿನದು ಕಾರ್ಡನ್ನು ಒಳಗಿನದಕ್ಕೆ ಪೂರ್ತಿ ಬಿಟ್ಟುಕೊಡಬೇಕು. ಅದೇ ಪಾಸ್‌ಥ್ರೂ.

ಇದಕ್ಕೆ ಸಿಕ್ಕಿದವರು ಶಿವಣ್ಣ. ಹಾಸನದ ಕಾಲೇಜೊಂದರ ಲ್ಯಾಬಿಗೆ ಅಟೆಂಡರ್ ಆಗಿ ಸೇರಿ, ಲೆಕ್ಚರರ್‌ಗಳಿಗೇ ಪಾಠ ಹೇಳಿ ರಿಟೈರ್ ಆದವರು. ಈಗ ಮಲ್ಲಿಪಟ್ಟಣದಲ್ಲಿ ಗದ್ದೆ ಮಾಡಿಸುತ್ತಾರೆ. ಅಂಗಡಿಯ ಹುಡುಗ ಹೊಸ ಕಂಪ್ಯೂಟರ್ ತಂದು ಹಳೆಯ ಕಾರ್ಡ್ ಸಿಕ್ಕಿಸಿ ಹೋದ ಮೇಲೆ, ಅಂದೇ ಸಂಜೆ ಅಲ್ಲಿಂದಲೇ ಇಂಟರ್ನೆಟ್ ಮೂಲಕ ನನ್ನ ಸ್ಕ್ರೀನಿಗೆ ಬಂದರು. ಮೌಸ್ ನಾನು ಮುಟ್ಟದೆಯೇ ಓಡಾಡುತ್ತಿತ್ತು. ಲಿಸ್ಟಿನಲ್ಲಿ ಎರಡು ಕಾರ್ಡು: ಒಂದು ನನ್ನ ಹಳೆಯದು, ಇನ್ನೊಂದು ಹೊಸ ಕಂಪ್ಯೂಟರಿಗೆ ಇಂಟರ್ನೆಟ್ ತರುವುದು. ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಹೆಸರು.

“ಮೇಡಮ್ಮೋರೆ, ಮೇಲಿರಾದೇ ಹಳೇದು ಅಲ್ವರಾ?”

“ಯೆಸ್, ಅದೇ” ಎಂದೆ. ಫುಲ್ ಕಾನ್ಫಿಡೆನ್ಸ್. (ಗೊತ್ತಿಲ್ಲ ಅನ್ನುವುದನ್ನು ನಮ್ಮ ಕಾನ್ವೆಂಟಿನಲ್ಲಿ ಕಲಿಸಲಿಲ್ಲ.)

ಮೌಸ್ ಅಲ್ಲೇ ನಿಂತಿತು. ಫೋನ್ ಬಂತು.

“ಓಯ್ತು ಮೇಡಮ್ಮೋರೆ. ಕುಂತಿದ್ದ ಕೊಂಬೆನೇ ಕಡ್ಕಂಡೆ.”

ತಾವು ಯಾವ ಕಾರ್ಡಿನ ದಾರಿಯಲ್ಲಿ ಬಂದಿದ್ದರೋ, ನನ್ನ ಮಾತು ಕೇಳಿ ಅದನ್ನೇ ಒಳಗಿನದಕ್ಕೆ ಕೊಟ್ಟುಬಿಟ್ಟಿದ್ದರು. ಆಫ್ ಮಾಡಿ ಆನ್ ಮಾಡಿದೆ. ಕಂಪ್ಯೂಟರ್ ಏಳುತ್ತಲೇ ಮತ್ತೆ ಅದೇ ಕಾರ್ಡನ್ನು ಕೊಟ್ಟಿತು. ಇಂಥ ಒಬೀಡಿಯಂಟ್ ದಡ್ಡರನ್ನು ಕ್ಲಾಸಿನಲ್ಲಿ ಬಹಳ ನೋಡಿದ್ದೇನೆ.

“ತಪ್ಪು ನಂದು ಶಿವಣ್ಣನವರೇ.”

“ತಪ್ಪು ಆಮೇಕೆ ಅಂಚ್ಕಳಾನ. ನಾಳೀಕೆ ಬತ್ತೀನಿ, ಇರಿ.”

ಬಂದರು. ಅರಕಲಗೂಡಿನಲ್ಲಿ ಬಸ್ಸು ಬದಲಾಯಿಸಿ, ಬೆಳಿಗ್ಗೆ ಒಂಬತ್ತಕ್ಕೆ. ಈ ಸಲ ಸರಿಯಾದ ಕಾರ್ಡನ್ನೇ ಕೊಟ್ಟರು. ಆದರೂ ಒಳಗಿನದಕ್ಕೆ ಅದು ಕಾಣಲಿಲ್ಲ. ಮತ್ತೆ ಮಾಡಿದರು. ಇಲ್ಲ. ಬುಧವಾರದ ಅರ್ಧ ದಿನ ಹೋಯಿತು. ಕಾಫಿ ಲೋಟ ಹಿಡಿದು ಸ್ಕ್ರೀನನ್ನೇ ನೋಡುತ್ತ ಕೂತಿದ್ದವರು ಇದ್ದಕ್ಕಿದ್ದಂತೆ ನಕ್ಕರು.

“ಇದು ನಮ್ಮ ಕಾಲುವೆ ಜಗಳ ಕಣಮ್ಮ. ಮ್ಯಾಲಿನ ಗದ್ದೆಯೋನು ತೂಬು ಮುಚ್ಚಾಕಿಲ್ಲ, ಕೆಳಗಿನೋನ್ಗೆ ನೀರು ಬತ್ತಿಲ್ಲ. ಒರಗಿನ್ ಕಂಪ್ಯೂಟ್ರು ಎದ್ದೇಟ್ಗೆ ಈ ಹಳೇ ಕಾರ್ಡ್ ಇಡ್ಕಂಡ್ಬುಡ್ತದೆ, ಆಮೇಕೆ ಬಿಡಾಕಿಲ್ಲ.”

ಏಳುವಾಗ ಆ ಕಾರ್ಡನ್ನು ಮುಟ್ಟಬೇಡ ಅಂತ ಹೊರಗಿನದಕ್ಕೆ ಒಂದೇ ಒಂದು ಸಾಲು ಬರೆದರು. ರೀಸ್ಟಾರ್ಟ್.

ಕಡ್ ಕಡ್ ಕಡ್.

ನಾನು ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಲೋಟವನ್ನೇ ಮತ್ತೆ ತೊಳೆದೆ.

ಯೋಚಿಸಿ ನೋಡಿ, ನಾವೂ ಬೆಳಿಗ್ಗೆ ಎದ್ದೇಟಿಗೆ ಎಲ್ಲವನ್ನೂ ಹಿಡಿದುಕೊಳ್ಳುವವರೇ ಅಲ್ಲವೇ? ಟಿವಿ ರಿಮೋಟ್, ಬೀರುವಿನ ಕೀ, ಮಹಿಳಾ ಸಮಾಜದ ಪ್ರೆಸಿಡೆಂಟ್ ಕುರ್ಚಿ. (ಕೊನೆಯದು ನನ್ನದೇ ಕೇಸು. ಈಗ ಬಿಟ್ಟಿದ್ದೇನೆ.) ಶಿವಣ್ಣ ಹೇಳಲಿಲ್ಲ, ನಾನೇ ಬಾಯಿ ಬಿಡಿಸಿದೆ: ಅಂದು ಕಾಲುವೆಯ ನೀರಿಗೆ ಅವರ ಗದ್ದೆಯದೇ ಸರದಿ ಇತ್ತಂತೆ. ಪಕ್ಕದವರಿಗೆ ಬಿಟ್ಟು ಬಂದಿದ್ದರು. ಇಂಥವರಿಗೆ ಥ್ಯಾಂಕ್ಸ್ ಅನ್ನುವ ಪದ ಎಷ್ಟು ಪುಟ್ಟದು.

ಸಾವಿತ್ರಿ ಪರೀಕ್ಷೆ ಬರೆದಳು. ರಿಸಲ್ಟ್ ಇನ್ನೂ ಬಂದಿಲ್ಲ. ಮೂರೂ ಅಧ್ಯಾಯ ಎರಡೆರಡು ಸಲ ಓದಿಕೊಂಡೇ ಹೋಗಿದ್ದಳಂತೆ. ನನಗೆ ಸದ್ಯಕ್ಕೆ ಅಷ್ಟು ಸಾಕು.

ಶಿವಣ್ಣನವರ ಜೊತೆ ಆಮೇಲೆ ಫೋನಿನಲ್ಲಿ ಮಾತಾಡಿದ್ದೇನೆ. ಕಡೆಯ ಸಲ ನೋಡಿದ್ದು ಮಾತ್ರ ಆ ಬುಧವಾರ ಸಂಜೆ, ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ. ಪೋಸ್ಟ್ ನಂಬುವಷ್ಟು ಟೈಮಿಲ್ಲ ಅಂತ, ತಮ್ಮೂರ ದಾರಿ ಬಿಟ್ಟು ಚನ್ನರಾಯಪಟ್ಟಣದ ಬಸ್ಸು ಹತ್ತಿದ್ದರು. ತೊಡೆಯ ಮೇಲೆ ಬ್ರೈಲ್ ಹಾಳೆಗಳ ಕಟ್ಟು. ಕಿಟಕಿಯ ಹೊರಗೆ ನಾನು. ಪಕ್ಕದಲ್ಲಿ ಕೂತವನು ತನ್ನ ಬ್ಯಾಗನ್ನು ಅದರ ಮೇಲೆ ಇಡಲು ಹೋದ.

“ಮಡಗ್ಬ್ಯಾಡ ಕಣಪ್ಪ, ಅಕ್ಸರ ಕುಂತೋಯ್ತವೆ.”

ಅವನು ಹಾಳೆಯ ಅಂಚು ಎತ್ತಿ ನೋಡಿದ. “ಎಲ್ಲವೆ ಅಕ್ಸರ? ಬರೀ ಬಿಳೀ ಆಳೆ.”

“ನಂಗೂ ಓದಾಕ್ ಬರಾಕಿಲ್ಲ” ಎಂದರು ಶಿವಣ್ಣ, ಕಟ್ಟಿನ ಮೇಲೆ ಅಂಗೈ ಅಡ್ಡ ಹಿಡಿದು. “ಓದೋರು ಚನ್ನರಾಯಪಟ್ಟಣದಲ್ಲವ್ರೆ.”